ಹಸಿ ಬೀಜಕ್ಕೆ ಸೊನ್ನೆ, ಹುರಿದರೆ ಏಳೂವರೆ

ಪ್ರಶ್ನೆ: ಐರೋಪ್ಯ ಒಕ್ಕೂಟ ಆಫ್ರಿಕಾದಿಂದ ಬರುವ ಕಾಫಿ, ಕೋಕೋ ಬೀಜಕ್ಕೆ ಸುಂಕ ಹಾಕುವುದಿಲ್ಲ, ಅದನ್ನೇ ಹುರಿದು ಅಥವಾ ಚಾಕೊಲೇಟ್ ಮಾಡಿ ಕಳಿಸಿದರೆ ಸುಂಕ ಹಾಕುತ್ತದೆ, ಹೀಗಾಗಿಯೇ ಬಡ ದೇಶಗಳು ಬಡವಾಗಿಯೇ ಉಳಿದಿವೆ ಎಂದು ಒಬ್ಬರು ವಾದಿಸಿದರು. ಅಲ್ಲೇ ಇದ್ದ ಇನ್ನೊಬ್ಬರು, ಬಡ ದೇಶಗಳಿಗೆ ಆಯುಧ ಬಿಟ್ಟು ಉಳಿದೆಲ್ಲದಕ್ಕೂ ಸುಂಕ ಮನ್ನಾ ಆಗಿ ಇಪ್ಪತ್ತು ವರ್ಷವೇ ಕಳೆದಿದೆ ಎಂದರು. ಯಾರು ಸರಿ? ಶ್ರೀಮಂತ ದೇಶಗಳು ಸುಂಕವನ್ನೆಲ್ಲ ತೆಗೆದುಬಿಟ್ಟರೆ ಬಡ ದೇಶಗಳ ಸಮಸ್ಯೆ ಮುಗಿಯುತ್ತದೆಯೇ?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಒಂದೇ ಪಟ್ಟಿಯ ಬೇರೆ ಬೇರೆ ಕಾಲಂ ಓದಿದ್ದಾರೆ, ಅಷ್ಟೇ.

ಐರೋಪ್ಯ ಒಕ್ಕೂಟದ ಸುಂಕದ ಪಟ್ಟಿಯಲ್ಲಿ ಒಂದೇ ಸರಕಿನ ಮುಂದೆ ಹಲವು ದರಗಳಿರುತ್ತವೆ. ಮೊದಲನೆಯದು ಯಾವ ವಿನಾಯಿತಿಯೂ ಇಲ್ಲದವರು ಕಟ್ಟುವ ಸಾಮಾನ್ಯ ದರ. ಎರಡನೆಯದು ಅಭಿವೃದ್ಧಿಶೀಲ ದೇಶಗಳಿಗೆ ಕೊಡುವ ರಿಯಾಯಿತಿ ದರ. ಇದನ್ನು ವ್ಯಾಪಾರದವರು ಜಿಎಸ್‌ಪಿ ಎನ್ನುತ್ತಾರೆ. 1968ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನದಲ್ಲಿ ಒಪ್ಪಿಗೆಯಾದ ಕಲ್ಪನೆ ಅದು. ಯುರೋಪ್ 1971ರಲ್ಲಿ ಜಾರಿಗೆ ತಂದಿತು. ಮೂರನೆಯದು ಜಿಎಸ್‌ಪಿ ಪ್ಲಸ್: ಮಾನವ ಹಕ್ಕು, ಕಾರ್ಮಿಕ ಹಕ್ಕು, ಪರಿಸರದ ಬಗೆಗಿನ 27 ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಬದ್ಧವಾದರೆ ಇನ್ನಷ್ಟು ರಿಯಾಯಿತಿ. ನಾಲ್ಕನೆಯದು ನಿಮ್ಮ ಎರಡನೇ ಸ್ನೇಹಿತರು ಹೇಳಿದ್ದು, 2001ರ ಮಾರ್ಚ್‌ನಲ್ಲಿ ಬಂದ 'ಆಯುಧ ಬಿಟ್ಟು ಎಲ್ಲವೂ' ಯೋಜನೆ. ಇದು ವಿಶ್ವಸಂಸ್ಥೆ 'ಅತಿ ಹಿಂದುಳಿದ' ಎಂದು ಪಟ್ಟಿ ಮಾಡಿರುವ ದೇಶಗಳಿಗೆ ಮಾತ್ರ. ಇವುಗಳ ಜೊತೆಗೆ ಆಯಾ ದೇಶಗಳೊಂದಿಗೆ ಕೂತು ಮಾಡಿಕೊಂಡ ಒಪ್ಪಂದಗಳ ದರಗಳು ಬೇರೆ.

ಆದ್ದರಿಂದ 'ಯುರೋಪ್ ಬಡ ದೇಶಗಳಿಗೆ ಏನು ಮಾಡುತ್ತದೆ' ಎನ್ನುವ ಪ್ರಶ್ನೆಗೆ ಒಂದೇ ಉತ್ತರ ಇರಲು ಸಾಧ್ಯವಿಲ್ಲ. ಯಾವ ದೇಶ, ಯಾವ ಸರಕು, ಯಾವ ತಿಂಗಳು ಎಂದು ಕೇಳಬೇಕು. ತಿಂಗಳು ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಮೊದಲು ಕಾಫಿ. ಸಾಮಾನ್ಯ ದರದ ಕಾಲಂನಲ್ಲಿ ಹಸಿ ಕಾಫಿ ಬೀಜಕ್ಕೆ ಸುಂಕ ಸೊನ್ನೆ. ಹುರಿದರೆ ಶೇ. 7.5. ಕೆಫೀನ್ ತೆಗೆದು ಹುರಿದರೆ ಶೇ. 9. ಕೋಕೋ ಕೂಡ ಹಾಗೆಯೇ: ಬೀಜಕ್ಕೆ ಸೊನ್ನೆ, ಅರೆದ ಮುದ್ದೆಗೆ ಶೇ. 9.6, ಬೆಣ್ಣೆಗೆ ಶೇ. 7.7, ಪುಡಿಗೆ ಶೇ. 8. ಚಾಕೊಲೇಟಿಗೆ ಬಂದರೆ ಶೇಕಡಾ ದರದ ಜೊತೆಗೆ ಅದರಲ್ಲಿರುವ ಹಾಲು, ಸಕ್ಕರೆಯ ಲೆಕ್ಕದಲ್ಲಿ ಇನ್ನೊಂದು ಮೊತ್ತವೂ ಸೇರುತ್ತದೆ. ಸಂಸ್ಕರಣೆ ಒಂದು ಹೆಜ್ಜೆ ಮುಂದೆ ಹೋದಂತೆ ಸುಂಕವೂ ಮೆಟ್ಟಿಲು ಹತ್ತುತ್ತದೆ.

ಏಳೂವರೆ ಎಂದರೆ ಮಹಾ ಏನು ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಹಸಿ ಬೀಜದ ಬೆಲೆ 100 ಎಂದುಕೊಳ್ಳಿ. ಹುರಿದು ಪ್ಯಾಕ್ ಮಾಡಿದರೆ 130 ಆಗುತ್ತದೆ. ಸುಂಕ ಬೀಳುವುದು ಪೂರ್ತಿ 130ರ ಮೇಲೆ: 9 ರೂಪಾಯಿ 75 ಪೈಸೆ. ಆದರೆ ಹುರಿಯುವವನು ತನ್ನ ಕೈಯಿಂದ ಸೇರಿಸಿದ್ದು 30 ರೂಪಾಯಿ ಮಾತ್ರ. ಬೀಜವನ್ನು ಹಾಗೇ ಕಳಿಸಿದ್ದರೆ ಸುಂಕವೇ ಇರಲಿಲ್ಲ. ಅಂದರೆ ಹುರಿಯುವ ಕೆಲಸದ ಮೇಲೆ ಬಿದ್ದ ನಿಜವಾದ ತೆರಿಗೆ ಏಳೂವರೆ ಅಲ್ಲ, ಹತ್ತಿರ ಹತ್ತಿರ ಮೂವತ್ತಮೂರು. ಯುರೋಪಿನಲ್ಲಿ ಹುರಿಯುವವನಿಗೆ ಸಿಗುವ ರಕ್ಷಣೆಯೂ ಅಷ್ಟೇ. ಅರ್ಥಶಾಸ್ತ್ರದವರು ಇದನ್ನು 'ಪರಿಣಾಮಕಾರಿ ರಕ್ಷಣೆ' ಎನ್ನುತ್ತಾರೆ. ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಕಾಗದ ಪೆನ್ನು ಹಿಡಿದು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಇಲ್ಲಿಯವರೆಗೆ ನಿಮ್ಮ ಮೊದಲ ಸ್ನೇಹಿತರದೇ ಸರಿ. ಆದರೆ ಅವರು ಕೊಟ್ಟ ಉದಾಹರಣೆ ತಪ್ಪು. ಇಥಿಯೋಪಿಯಾ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದೆ. ಅದು ಹುರಿದ ಕಾಫಿ ಕಳಿಸಿದರೂ ಯುರೋಪಿನಲ್ಲಿ ಸುಂಕ ಸೊನ್ನೆ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾ ಆ ಪಟ್ಟಿಯಲ್ಲಿಲ್ಲ, ಆದರೆ ಅವೆರಡೂ ಯುರೋಪಿನ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿವೆ. ಅವುಗಳ ಕೋಕೋ ಬೆಣ್ಣೆಗೂ ಸೊನ್ನೆ, ಚಾಕೊಲೇಟಿಗೂ ಸೊನ್ನೆ. ಹಾಗಿದ್ದರೂ ಯುರೋಪಿನ ಅಂಗಡಿಗಳ ತುಂಬ ಅಲ್ಲಿನ ಚಾಕೊಲೇಟ್ ಯಾಕಿಲ್ಲ ಎಂದರೆ, ಕಾರಣ ಸುಂಕದ ಕಚೇರಿಯಲ್ಲಿ ಸಿಗುವುದಿಲ್ಲ. ಹುರಿದ ಕಾಫಿ ಕೆಲವೇ ವಾರಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ; ಹಸಿ ಬೀಜ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂರಬಲ್ಲದು. ಮಾರುಕಟ್ಟೆಯಲ್ಲಿ ಓಡುವುದು ನಾಲ್ಕೈದು ದೇಶಗಳ ಬೀಜ ಬೆರೆಸಿದ ಕಾಫಿ. ಒಂದೇ ದೇಶದಲ್ಲಿ ಕೂತು ಹುರಿಯುವವನಿಗೆ ಅದು ಕಷ್ಟ. ಚಾಕೊಲೇಟಿಗೆ ಹಾಲು, ಸಕ್ಕರೆ, ನಿಲ್ಲದ ವಿದ್ಯುತ್, ತಂಪು ಸಾಗಣೆ ಬೇಕು. ಎಲ್ಲಕ್ಕಿಂತ ದೊಡ್ಡದು ಬ್ರ್ಯಾಂಡು. ಅಂದ ಮಾತ್ರಕ್ಕೆ ಏನೂ ಬದಲಾಗಿಲ್ಲ ಎಂದಲ್ಲ. ಐವರಿ ಕೋಸ್ಟ್ ಇವತ್ತು ಕೋಕೋ ಅರೆಯುವುದರಲ್ಲಿ ನೆದರ್ಲೆಂಡ್ಸ್ ಜೊತೆ ಪೈಪೋಟಿಗೆ ನಿಂತಿದೆ.

ಹಾಗಾದರೆ ಈ ಮೆಟ್ಟಿಲು ಯಾರ ಕಾಲಿಗೆ ತಗಲುತ್ತದೆ? ನಡುವಿನವರಿಗೆ. ಅತಿ ಬಡವರಲ್ಲದ, ಒಪ್ಪಂದವನ್ನೂ ಮಾಡಿಕೊಳ್ಳದ ದೇಶಗಳಿಗೆ. ಅದೇ ಪಶ್ಚಿಮ ಆಫ್ರಿಕಾದ ಕರಾವಳಿಯ ನೈಜೀರಿಯಾ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಅದರ ಕೋಕೋ ಬೆಣ್ಣೆ ಜಿಎಸ್‌ಪಿ ದರದಲ್ಲಿ ಶೇ. 4.2 ಕಟ್ಟಿ ಒಳಗೆ ಹೋಗಬೇಕು, ಘಾನಾದ ಬೆಣ್ಣೆ ಪಕ್ಕದಲ್ಲೇ ಪುಕ್ಕಟೆ ಹೋಗುತ್ತಿರುತ್ತದೆ. ಬಡ ದೇಶಗಳ ಚರ್ಚೆಯಲ್ಲಿ ನನಗೆ ಯಾವಾಗಲೂ ಕಾಣುವ ಲೋಪ ಇದು. ಅತಿ ಬಡವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆ ಗೆರೆಯಿಂದ ಸ್ವಲ್ಪ ಮೇಲಿರುವವರ ಬಗ್ಗೆ ಯಾರೂ ಇಲ್ಲ.

ಆ ಗೆರೆಯ ಮೇಲೆ ನಿಂತವರ ಪಾಡೇನು ಎಂಬುದನ್ನು ಕೀನ್ಯಾದ ಗುಲಾಬಿಯಲ್ಲಿ ನೋಡಬಹುದು. ನೈವಾಶಾ ಸರೋವರದ ಸುತ್ತ ಬೆಳೆದ ಗುಲಾಬಿ ವಿಮಾನದಲ್ಲಿ ನೆದರ್ಲೆಂಡ್ಸಿನ ಹರಾಜು ಕಟ್ಟೆಗೆ ಹೋಗುತ್ತದೆ. ಯುರೋಪಿನ ಪಟ್ಟಿಯಲ್ಲಿ ಗುಲಾಬಿಗೆ ಎರಡು ದರ: ಜೂನ್‌ನಿಂದ ಅಕ್ಟೋಬರ್‌ವರೆಗೆ ಶೇ. 12, ನವೆಂಬರ್‌ನಿಂದ ಮೇವರೆಗೆ ಶೇ. 8.5. ಯುರೋಪಿನ ತೋಟಗಳಲ್ಲೇ ಹೂವು ಅರಳುವ ಕಾಲಕ್ಕೆ ಗೋಡೆ ಎತ್ತರ, ಚಳಿಗಾಲಕ್ಕೆ ಸ್ವಲ್ಪ ತಗ್ಗು. ತಿಂಗಳು ಕೇಳಬೇಕು ಎಂದದ್ದು ಇದಕ್ಕೇ.

ಕೀನ್ಯಾ ಇದ್ಯಾವುದನ್ನೂ ಕಟ್ಟುತ್ತಿರಲಿಲ್ಲ. ಯುರೋಪಿನ ಹಳೆಯ ವಸಾಹತುಗಳಿಗೆ ಇದ್ದ ವಿಶೇಷ ಪ್ರವೇಶ ಅದಕ್ಕಿತ್ತು. ಆ ಪ್ರವೇಶದ ಜಾಗದಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಎಂದು ಯುರೋಪ್ ಗಡುವು ಕೊಟ್ಟಿತು: 2014ರ ಅಕ್ಟೋಬರ್ 1. ಪೂರ್ವ ಆಫ್ರಿಕಾ ಸಮುದಾಯದ ಐದು ದೇಶಗಳು ಒಟ್ಟಾಗಿ ಮಾತಾಡುತ್ತಿದ್ದವು. ಅದರಲ್ಲಿ ಉಗಾಂಡಾ, ತಾಂಜಾನಿಯಾ, ರುವಾಂಡಾ, ಬುರುಂಡಿ ನಾಲ್ಕೂ ಅತಿ ಹಿಂದುಳಿದ ದೇಶಗಳು. ಒಪ್ಪಂದ ಆದರೂ ಆಗದಿದ್ದರೂ ಅವಕ್ಕೆ ಸೊನ್ನೆ ಸುಂಕ ಖಾತ್ರಿ. ಕೀನ್ಯಾ ಒಂದೇ ಆ ಪಟ್ಟಿಯ ಹೊರಗೆ. ಅವಸರ ಒಬ್ಬರಿಗೆ ಮಾತ್ರ ಇದ್ದ ಮಾತುಕತೆ ಗಡುವಿನೊಳಗೆ ಮುಗಿಯಲಿಲ್ಲ. ಅಕ್ಟೋಬರ್ 1ರ ಬೆಳಿಗ್ಗೆಯಿಂದ ಕೀನ್ಯಾದ ಗುಲಾಬಿಗೆ ಸುಂಕ ಬಿತ್ತು: ಹನ್ನೆರಡರಲ್ಲಿ ಜಿಎಸ್‌ಪಿಯ ಮೂರೂವರೆ ಅಂಶ ಕಳೆದು ಶೇ. 8.5. ತಿಂಗಳ ಕೊನೆಯೊಳಗೆ ಒಪ್ಪಂದವೇನೋ ಕುದುರಿತು, ಆದರೆ ಬ್ರಸೆಲ್ಸಿನ ಕಾಗದಪತ್ರ ಮುಗಿದು ಸುಂಕ ಮತ್ತೆ ಸೊನ್ನೆಯಾಗುವ ಹೊತ್ತಿಗೆ ಡಿಸೆಂಬರ್ 25. ಹೂವಿನ ಗಿಡಕ್ಕೆ ಈ ಗಡುವುಗಳ ವಿಷಯ ಗೊತ್ತಿರುವುದಿಲ್ಲ, ದಿನಾ ಬಿಡುತ್ತಿರುತ್ತದೆ, ಕೊಯ್ದದ್ದನ್ನು ಕಳಿಸಲೇಬೇಕು. ಆ ಮೂರು ತಿಂಗಳ ಸುಂಕ ಬೆಳೆಗಾರರ ಲಾಭದಿಂದಲೇ ಹೋಯಿತು.

ಇಲ್ಲಿ ಒಂದು ಮಾತು ಗಮನಿಸಿ. ಕೀನ್ಯಾ ಸಹಿ ಹಾಕಬೇಕಾಗಿದ್ದ ಒಪ್ಪಂದದಲ್ಲಿ ಅದು ತನ್ನ ಮಾರುಕಟ್ಟೆಯನ್ನೂ ಯುರೋಪಿಗೆ ದೊಡ್ಡ ಪ್ರಮಾಣದಲ್ಲಿ ತೆರೆಯಬೇಕಿತ್ತು. ಆಮದು ನೀತಿ ಎನ್ನುವುದು ಹೀಗೆ ಚೌಕಾಸಿಯ ಅಸ್ತ್ರವೂ ಹೌದು.

ಈಗ ಸುಂಕ ಸೊನ್ನೆ ಇರುವ ಬಾಂಗ್ಲಾದೇಶಕ್ಕೆ ಬರೋಣ. 2001ರಿಂದಲೂ ಅದರ ಸಿದ್ಧ ಉಡುಪಿಗೆ ಯುರೋಪಿನಲ್ಲಿ ಸೊನ್ನೆ ಎಂದು ಕಾನೂನಿನಲ್ಲಿ ಬರೆದಿತ್ತು. ಆದರೂ ಎಷ್ಟೋ ಕಂಟೇನರ್ ಶರ್ಟು, ಪ್ಯಾಂಟು ಶೇ. 12ರ ಪೂರ್ತಿ ಸುಂಕ ಕಟ್ಟಿ ಒಳಗೆ ಹೋದವು. ಕಾರಣ ಮೂಲದ ನಿಯಮ. 'ಬಾಂಗ್ಲಾದೇಶದಲ್ಲಿ ತಯಾರಾದದ್ದು' ಎನಿಸಿಕೊಳ್ಳಬೇಕಾದರೆ ಎರಡು ಹಂತದ ಕೆಲಸ ಅಲ್ಲೇ ನಡೆದಿರಬೇಕಿತ್ತು: ನೂಲಿನಿಂದ ಬಟ್ಟೆ, ಬಟ್ಟೆಯಿಂದ ಉಡುಪು. ಟೀ ಶರ್ಟು, ಸ್ವೆಟರಿನಂಥ ಹೆಣೆದ ಉಡುಪಿಗೆ ಇದು ತೊಡಕಾಗಲಿಲ್ಲ. ಹೆಣೆಯುವ ಯಂತ್ರ ಅಗ್ಗ, ಅಲ್ಲೇ ಹಾಕಿಕೊಂಡರು. ನೇಯ್ದ ಶರ್ಟಿನ ಕತೆ ಬೇರೆ. ಅದರ ಬಟ್ಟೆ ಬರುತ್ತಿದ್ದುದು ಚೀನಾದಿಂದ, ಭಾರತದಿಂದ. ಕತ್ತರಿಸಿ ಹೊಲಿದದ್ದು ಢಾಕಾದಲ್ಲಾದರೂ ಯುರೋಪಿನ ಕಸ್ಟಮ್ಸ್ ಲೆಕ್ಕದಲ್ಲಿ ಅದು ಬಾಂಗ್ಲಾದೇಶದ್ದಲ್ಲ.

2011ರ ಜನವರಿ 1ರಿಂದ ಅತಿ ಹಿಂದುಳಿದ ದೇಶಗಳಿಗೆ ಈ ನಿಯಮ ಸಡಿಲವಾಯಿತು. ಹೊರಗಿನ ಬಟ್ಟೆ ತಂದು ಹೊಲಿದರೂ ಸಾಕು ಎಂದಾಯಿತು. ಸುಂಕದ ದರ ಒಂದು ಚೂರೂ ಬದಲಾಗಲಿಲ್ಲ, ಸೊನ್ನೆ ಸೊನ್ನೆಯಾಗಿಯೇ ಇತ್ತು. ಆದರೂ ಅಲ್ಲಿಂದ ಮುಂದೆ ಬಾಂಗ್ಲಾದೇಶದ ನೇಯ್ದ ಉಡುಪಿನ ರಫ್ತು ಜಿಗಿಯಿತು. ಸಾಲೊಂದನ್ನು ತಿದ್ದಿದ್ದರಿಂದ ಆದ ಕೆಲಸ, ಹತ್ತು ವರ್ಷದ ಸೊನ್ನೆಯಿಂದ ಆಗಿರಲಿಲ್ಲ. ಸುಂಕ ಎಷ್ಟು ಎಂದು ಕೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಮೂಲದ ನಿಯಮ ಏನು ಎಂದು ಕೇಳುವವರು ಅಪರೂಪ. ಒಣ ವಿಷಯ, ಒಪ್ಪುತ್ತೇನೆ. ಆದರೆ ಹಣ ಇರುವುದು ಅಲ್ಲೇ.

ಸುಂಕ ಸೊನ್ನೆ, ಮೂಲವೂ ಸರಿ. ಆಮೇಲೂ ಸರಕನ್ನು ಬಂದರಿನಲ್ಲಿ ನಿಲ್ಲಿಸಬಹುದು. ಅದು ಆರೋಗ್ಯ, ಸುರಕ್ಷತೆಯ ಮಾನದಂಡ. ವಿಕ್ಟೋರಿಯಾ ಸರೋವರದ ನೈಲ್ ಪರ್ಚ್ ಮೀನನ್ನು ತೆಗೆದುಕೊಳ್ಳಿ. ಉಗಾಂಡಾ, ಕೀನ್ಯಾ, ತಾಂಜಾನಿಯಾ ಮೂರೂ ದೇಶಗಳ ದಡದಲ್ಲಿ ಇದನ್ನು ಹಿಡಿದು, ಕಾರ್ಖಾನೆಯಲ್ಲಿ ತುಂಡು ಮಾಡಿ, ಯುರೋಪಿಗೆ ಕಳಿಸುತ್ತಾರೆ. 1997ರಿಂದ 2000ದ ನಡುವೆ ಯುರೋಪ್ ಈ ಮೀನಿಗೆ ಒಂದಾದ ಮೇಲೊಂದರಂತೆ ತಡೆ ಹಾಕಿತು. ಮೊದಲು ಸಾಲ್ಮೊನೆಲ್ಲಾ ಎಂಬ ರೋಗಾಣು ಇದೆ ಎಂದು. ಆಮೇಲೆ ಆ ಪ್ರದೇಶದಲ್ಲಿ ಕಾಲರಾ ಎಂದು. 1999ರಲ್ಲಿ ಕೆಲವರು ಕೀಟನಾಶಕ ಸುರಿದು ಮೀನು ಹಿಡಿಯುತ್ತಿದ್ದಾರೆ ಎಂದು. ಕಾಲರಾ ತಡೆಯ ಬಗ್ಗೆ ಆಗಲೇ ಆಕ್ಷೇಪ ಬಂದಿತ್ತು. ಸಂಸ್ಕರಿಸಿದ ಮೀನಿನಿಂದ ಕಾಲರಾ ಹರಡುವ ಭೀತಿಗೆ ಆಧಾರ ಸಾಲದು ಎಂದು ವಿಶ್ವಸಂಸ್ಥೆಯ ತಜ್ಞರೇ ಹೇಳಿದರು. ಕೀಟನಾಶಕದ ದೂರು ಹಾಗಲ್ಲ, ಅದನ್ನು ಯಾವ ದೇಶವಾದರೂ ನಿಲ್ಲಿಸಬೇಕಾದದ್ದೇ.

ಆ ವರ್ಷಗಳಲ್ಲಿ ಕಾರ್ಖಾನೆಗಳು ಮುಚ್ಚಿದವು, ದೋಣಿಗಳು ದಡಕ್ಕೆ ಬಂದು ನಿಂತವು. ಆದರೆ ಅಲ್ಲಿಗೇ ಕತೆ ನಿಲ್ಲುವುದಿಲ್ಲ. ಉಗಾಂಡಾ ಸರ್ಕಾರ ಮೀನು ತಪಾಸಣೆಗೆ ಒಂದು ಹೊಣೆಗಾರ ಇಲಾಖೆ ಗೊತ್ತುಮಾಡಿತು, ದಡದ ಕಟ್ಟೆಗಳಿಗೆ ಕಾಂಕ್ರೀಟು, ಐಸು, ಶುದ್ಧ ನೀರು ಬಂತು, ಪ್ರಯೋಗಾಲಯದ ಪರೀಕ್ಷೆ ರೂಢಿಯಾಯಿತು. ತಡೆ ತೆರವಾದ ಮೇಲೆ ರಫ್ತು ಮೊದಲಿಗಿಂತ ಹೆಚ್ಚಾಯಿತು. ಮಾನದಂಡ ಎಂದರೆ ಶ್ರೀಮಂತರ ಕುತಂತ್ರ ಎನ್ನುವವರಿಗೆ ನಾನು ಈ ಮೀನನ್ನು ತೋರಿಸುತ್ತೇನೆ. ಮಾನದಂಡದಿಂದ ಬಡವರಿಗೇ ಲಾಭ ಎನ್ನುವವರಿಗೂ ಇದನ್ನೇ ತೋರಿಸುತ್ತೇನೆ: ಕಾಂಕ್ರೀಟು ಕಟ್ಟೆ ಬರುವವರೆಗೆ ಕಾಯಲು ಕಾರ್ಖಾನೆ ಮಾಲೀಕನಿಗೆ ಬ್ಯಾಂಕ್ ಸಾಲವಿತ್ತು, ದೋಣಿಯವನಿಗೆ ಇರಲಿಲ್ಲ.

ಶೇಂಗಾ, ಒಣ ಹಣ್ಣುಗಳ ಮೇಲೆ ಬೆಳೆಯುವ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಬಗ್ಗೆಯೂ ಇದೇ ಜಗಳ. ನೇರವಾಗಿ ತಿನ್ನುವ ಶೇಂಗಾದಲ್ಲಿ ಒಟ್ಟು 4 ಪಿಪಿಬಿಗಿಂತ, ಅಂದರೆ ನೂರು ಕೋಟಿಯಲ್ಲಿ ನಾಲ್ಕು ಭಾಗಕ್ಕಿಂತ, ಹೆಚ್ಚಿರಬಾರದು ಎನ್ನುತ್ತದೆ ಯುರೋಪ್. ಈ ಬಿಗಿ ಮಿತಿಯಿಂದ ಆಫ್ರಿಕಾಕ್ಕೆ ವರ್ಷಕ್ಕೆ 67 ಕೋಟಿ ಡಾಲರ್ ನಷ್ಟ ಎಂದು 2001ರಲ್ಲಿ ವಿಶ್ವ ಬ್ಯಾಂಕಿನ ಸಂಶೋಧಕರು ಅಂದಾಜು ಮಾಡಿದರು. ಆ ಅಂಕಿ ಇವತ್ತಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. ಆಮೇಲಿನ ವರ್ಷಗಳಲ್ಲಿ ನಿಜವಾದ ವ್ಯಾಪಾರದ ಅಂಕಿಗಳನ್ನು ಇಟ್ಟುಕೊಂಡು ನೋಡಿದ ಬೇರೆ ಸಂಶೋಧಕರಿಗೆ ಶೇಂಗಾದಲ್ಲಿ ಅಂಥ ದೊಡ್ಡ ಪರಿಣಾಮ ಕಾಣಲಿಲ್ಲ. ಆಫ್ರಿಕಾದ ಶೇಂಗಾ ರಫ್ತು ಕುಸಿಯಲು ಮನೆಯೊಳಗಿನ ಕಾರಣಗಳೂ ಇದ್ದವು. 67 ಕೋಟಿ ಎಂದು ಯಾರಾದರೂ ಹೇಳಿದರೆ ಅರ್ಧ ಕಿವಿಯಲ್ಲಿ ಕೇಳಿ.

ಸಕ್ಕರೆಗೆ ಬಂದರೆ ಯಾರು ಬಲಿ, ಯಾರು ಫಲಾನುಭವಿ ಎಂಬುದೇ ಗೋಜಲಾಗುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ, ಅಷ್ಟೇ ಬೇಸರದ ಅಧ್ಯಾಯ ಇದು. 1975ರಿಂದ ಯುರೋಪ್ ತನ್ನ ಹಳೆಯ ವಸಾಹತುಗಳಾದ ಮಾರಿಷಸ್, ಫಿಜಿ, ಗಯಾನಾ, ಕೆರೀಬಿಯನ್ ದ್ವೀಪಗಳಿಂದ ನಿಗದಿತ ಪ್ರಮಾಣದ ಸಕ್ಕರೆಯನ್ನು ತನ್ನದೇ ಒಳಬೆಲೆಗೆ ಕೊಳ್ಳುತ್ತಿತ್ತು. ಆ ಒಳಬೆಲೆ ಎಷ್ಟೋ ವರ್ಷ ಅಂತರರಾಷ್ಟ್ರೀಯ ಬೆಲೆಯ ಎರಡು ಮೂರು ಪಟ್ಟು ಇತ್ತು. ಯಾಕೆಂದರೆ ಯುರೋಪ್ ತನ್ನ ಬೀಟ್‌ರೂಟ್ ಸಕ್ಕರೆಯ ರೈತರಿಗಾಗಿ ಎತ್ತರದ ಗೋಡೆ ಕಟ್ಟಿ ಬೆಲೆಯನ್ನು ಮೇಲೆ ಹಿಡಿದಿತ್ತು. ಗೋಡೆಯ ಒಳಗೆ ಕೂರಿಸಿಕೊಂಡ ಕೆಲವೇ ಬಡ ದೇಶಗಳಿಗೆ ಆ ಗೋಡೆಯೇ ನೆರಳು.

ಹೊರಗೆ ನಿಂತವರು ಸುಮ್ಮನಿರಲಿಲ್ಲ. ಬ್ರೆಜಿಲ್, ಥಾಯ್ಲೆಂಡ್, ಆಸ್ಟ್ರೇಲಿಯಾ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಯುರೋಪ್ ಹೆಚ್ಚುವರಿ ಸಕ್ಕರೆಯನ್ನು ಸಬ್ಸಿಡಿ ಕೊಟ್ಟು ಹೊರಗೆ ಸುರಿದು ಲೋಕದ ಬೆಲೆ ಕೆಡಿಸುತ್ತಿದೆ ಎಂದು. 2005ರಲ್ಲಿ ಅವು ಗೆದ್ದವು. ಅದೇ ವರ್ಷ ಯುರೋಪ್ ತನ್ನ ಒಳಬೆಲೆಯನ್ನು ನಾಲ್ಕು ವರ್ಷದಲ್ಲಿ ಶೇ. 36ರಷ್ಟು ಇಳಿಸಲು ತೀರ್ಮಾನಿಸಿತು, ಟನ್ನಿಗೆ 631.9 ಯೂರೋ ಇದ್ದದ್ದು 404.4ಕ್ಕೆ. ಮುಕ್ತ ವ್ಯಾಪಾರದ ಜಯ. ಅಂತರರಾಷ್ಟ್ರೀಯ ಬೆಲೆಗೆ ಬೆಳೆಯಬಲ್ಲ ಬ್ರೆಜಿಲ್ಲಿಗೆ ನಿಜಕ್ಕೂ ಜಯ. ಸೇಂಟ್ ಕಿಟ್ಸ್ ಎಂಬ ಪುಟ್ಟ ದ್ವೀಪ ಮಾತ್ರ ಮುನ್ನೂರು ವರ್ಷಕ್ಕೂ ಹಳೆಯ ತನ್ನ ಸಕ್ಕರೆ ಉದ್ಯಮವನ್ನು 2005ರಲ್ಲೇ ಮುಚ್ಚಿತು. ಬಾಳೆಹಣ್ಣಿನಲ್ಲೂ ಇದೇ ನಡೆಯಿತು: ಕೆರೀಬಿಯನ್ನಿನ ಸಣ್ಣ ಬೆಳೆಗಾರರಿಗೆ ಇದ್ದ ರಿಯಾಯಿತಿಯನ್ನು ಎಕ್ವಡಾರ್, ಹೊಂಡುರಾಸ್, ಗ್ವಾಟೆಮಾಲಾ ಮೊದಲಾದವು ಅಮೆರಿಕದ ಜೊತೆ ಸೇರಿ ಪ್ರಶ್ನಿಸಿದವು. ವ್ಯಾಜ್ಯ 1993ರ ಕೋಟಾ ವ್ಯವಸ್ಥೆಯಿಂದ ಶುರುವಾಗಿ 2009ರ ಜಿನೀವಾ ಒಪ್ಪಂದದವರೆಗೆ ನಡೆಯಿತು. ಎರಡೂ ಕಡೆ ಇದ್ದದ್ದು ಅಭಿವೃದ್ಧಿಶೀಲ ದೇಶಗಳೇ.

ಭಾರತವೂ ಒಮ್ಮೆ ಹೀಗೆ ಇನ್ನೊಂದು ಅಭಿವೃದ್ಧಿಶೀಲ ದೇಶದ ರಿಯಾಯಿತಿಯ ವಿರುದ್ಧ ನಿಂತದ್ದುಂಟು. ಮಾದಕ ವಸ್ತು ತಡೆಯುವ ದೇಶಗಳಿಗೆಂದು ಯುರೋಪ್ ಕೊಡುತ್ತಿದ್ದ ವಿಶೇಷ ವಿನಾಯಿತಿಗೆ 2002ರಲ್ಲಿ ಪಾಕಿಸ್ತಾನ ಸೇರಿತು. ಜವಳಿಯಲ್ಲಿ ತನಗೆ ಪೆಟ್ಟು ಬೀಳುತ್ತದೆ ಎಂದು ಭಾರತ ದಾವೆ ಹೂಡಿ 2004ರಲ್ಲಿ ಗೆದ್ದಿತು. ಆ ತೀರ್ಪಿನ ಕೂಸೇ ಮೇಲೆ ಹೇಳಿದ ಜಿಎಸ್‌ಪಿ ಪ್ಲಸ್. ಮನಸ್ಸಿಗೆ ಬಂದವರನ್ನು ಆರಿಸುವಂತಿಲ್ಲ, ಷರತ್ತು ಬರೆದಿಟ್ಟು ಪೂರೈಸಿದವರಿಗೆಲ್ಲ ಕೊಡಬೇಕು ಎಂದಾಯಿತು. 2014ರಿಂದ ಆ ದರದ ಲಾಭ ಪಡೆಯುತ್ತಿರುವವರಲ್ಲಿ ಪಾಕಿಸ್ತಾನವೂ ಒಂದು.

ಸಕ್ಕರೆಯ ಕತೆಗೆ ಇನ್ನೊಂದು ಬಾಲವಿದೆ. 'ಆಯುಧ ಬಿಟ್ಟು ಎಲ್ಲವೂ' ಯೋಜನೆಯಲ್ಲಿ ಅಕ್ಕಿ, ಬಾಳೆಹಣ್ಣು, ಸಕ್ಕರೆ ಮೂರನ್ನು ತಡಮಾಡಿ ತೆರೆದರು. ಸಕ್ಕರೆಗೆ ಪೂರ್ತಿ ಬಾಗಿಲು ತೆರೆದದ್ದು 2009ರಲ್ಲಿ. ಆ ಬಾಗಿಲಿನ ಮೇಲೆ ಕಣ್ಣಿಟ್ಟು ಕಾಂಬೋಡಿಯಾದಲ್ಲಿ ಕಬ್ಬಿಗಾಗಿ ದೊಡ್ಡ ದೊಡ್ಡ ಭೂ ಗುತ್ತಿಗೆಗಳನ್ನು ಕೊಟ್ಟರು. ಕೋಹ್ ಕಾಂಗ್ ಪ್ರಾಂತ್ಯದಲ್ಲಿ ನೂರಾರು ಕುಟುಂಬಗಳು ಉಳುತ್ತಿದ್ದ ನೆಲ ಕಳೆದುಕೊಂಡವು. ಸುಂಕ ಮನ್ನಾ ಆದ ಸಕ್ಕರೆ ಯುರೋಪಿಗೆ ಹೋಯಿತು. ಮನ್ನಾ ಆದ ಹಣ ದೇಶದೊಳಗೆ ಯಾರ ಜೇಬಿಗೆ ಹೋಗಬೇಕು ಎಂದು ಯಾವ ಸುಂಕದ ಪಟ್ಟಿಯೂ ಹೇಳುವುದಿಲ್ಲ.

ಕಾಂಬೋಡಿಯಾದ ಅಕ್ಕಿಯನ್ನೂ ನೋಡಿಬಿಡಿ. ಸೊನ್ನೆ ಸುಂಕದಿಂದ ಅದರ ಮತ್ತು ಮ್ಯಾನ್ಮಾರ್‌ನ ಉದ್ದ ಕಾಳಿನ ಅಕ್ಕಿ ಯುರೋಪಿನಲ್ಲಿ ಚೆನ್ನಾಗಿ ಮಾರಾಟವಾಗತೊಡಗಿತು. ಇಟಲಿಯ ಭತ್ತದ ಬೆಳೆಗಾರರು ದೂರಿದರು. 2019ರ ಜನವರಿಯಲ್ಲಿ ಯುರೋಪ್ ರಕ್ಷಣಾ ಸುಂಕ ಹಾಕಿತು: ಮೊದಲ ವರ್ಷ ಟನ್ನಿಗೆ 175 ಯೂರೋ, ಎರಡನೇ ವರ್ಷ 150, ಮೂರನೇ ವರ್ಷ 125. ಕಾಂಬೋಡಿಯಾ ಯುರೋಪಿನದೇ ನ್ಯಾಯಾಲಯಕ್ಕೆ ಹೋಯಿತು. 2022ರ ನವೆಂಬರ್‌ನಲ್ಲಿ ತೀರ್ಪು ಬಂತು: ಸುಂಕ ಹಾಕಿದ ರೀತಿ ತಪ್ಪು, ಆದೇಶ ರದ್ದು. ಆ ಹೊತ್ತಿಗೆ ಮೂರು ವರ್ಷದ ಅವಧಿ ಮುಗಿದು ಸುಂಕ ತಾನಾಗಿಯೇ ಹೋಗಿ ಹತ್ತು ತಿಂಗಳಾಗಿತ್ತು. ಗೆದ್ದವರಿಗೆ ಕಳೆದುಹೋದ ಗಿರಾಕಿಯನ್ನು ನ್ಯಾಯಾಲಯ ಹುಡುಕಿಕೊಡುವುದಿಲ್ಲವಲ್ಲ.

ಇದರ ನಡುವೆ 2020ರ ಆಗಸ್ಟ್‌ನಲ್ಲಿ, ಮಾನವ ಹಕ್ಕು ಉಲ್ಲಂಘನೆಯ ಕಾರಣಕ್ಕೆ ಕಾಂಬೋಡಿಯಾದ ಒಂದಿಷ್ಟು ಉಡುಪು, ಪಾದರಕ್ಷೆ, ಸಕ್ಕರೆ ಮೊದಲಾದವುಗಳ ವಿನಾಯಿತಿಯನ್ನು ಯುರೋಪ್ ಹಿಂತೆಗೆದುಕೊಂಡಿತು. ಯುರೋಪಿಗೆ ಹೋಗುವ ಅದರ ರಫ್ತಿನ ಐದನೇ ಒಂದು ಭಾಗದಷ್ಟು. ಶ್ರೀಲಂಕಾ ಕೂಡ 2010ರಲ್ಲಿ ಜಿಎಸ್‌ಪಿ ಪ್ಲಸ್ ಕಳೆದುಕೊಂಡು 2017ರಲ್ಲಿ ಮರಳಿ ಪಡೆಯಿತು. ಇಂಥ ಷರತ್ತುಗಳೇ ಬೇಡ ಎನ್ನುವವನಲ್ಲ ನಾನು. ವಿರೋಧ ಪಕ್ಷವನ್ನು ಅಳಿಸಿಹಾಕುವ ಸರ್ಕಾರಕ್ಕೆ ಬಹುಮಾನ ಕೊಡುತ್ತಲೇ ಇರಬೇಕೆಂದು ಹೇಳುವುದು ಹೇಗೆ? ಆದರೆ ತಪ್ಪು ಮಾಡಿದವರು ಮಂತ್ರಿಗಳು, ಕೆಲಸ ಹೋಗುವುದು ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳದ್ದು.

ಯುರೋಪನ್ನೇ ಬೈದರೆ ಅನ್ಯಾಯವಾಗುತ್ತದೆ. ಅಮೆರಿಕದ ಸಾಮಾನ್ಯ ಸುಂಕದ ಪಟ್ಟಿ ಇನ್ನೂ ವಿಚಿತ್ರ. ಅಲ್ಲಿ ಅಕ್ರಿಲಿಕ್ ಸ್ವೆಟರಿಗೆ ಶೇ. 32, ಹತ್ತಿ ಸ್ವೆಟರಿಗೆ ಶೇ. 16.5, ಕ್ಯಾಶ್ಮೀರ್ ಉಣ್ಣೆಯ ದುಬಾರಿ ಸ್ವೆಟರಿಗೆ ಶೇ. 4. ಅಗ್ಗದ್ದನ್ನು ಹೊಲಿಯುವುದು ಬಡ ದೇಶ, ತೊಡುವುದು ಅಮೆರಿಕದ ಬಡವ. ಸುಂಕದ ಭಾರ ಇಬ್ಬರ ಮೇಲೂ. 2005ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ವಿಶ್ವ ವ್ಯಾಪಾರ ಸಂಸ್ಥೆಯ ಸಮ್ಮೇಳನದಲ್ಲಿ ಅತಿ ಹಿಂದುಳಿದ ದೇಶಗಳ ಶೇ. 97ರಷ್ಟು ಬಗೆಯ ಸರಕುಗಳಿಗೆ ಸುಂಕ ಮನ್ನಾ ಮಾಡೋಣ ಎಂದು ಶ್ರೀಮಂತ ದೇಶಗಳು ಒಪ್ಪಿದವು. ಉದಾರ ಎನಿಸುತ್ತದೆ. ಆದರೆ ಲೆಕ್ಕ ಇರುವುದು ಸರಕಿನ ಬಗೆಗಳಲ್ಲಿ, ಮೌಲ್ಯದಲ್ಲಲ್ಲ. ಕೆಲವೇ ಬಗೆಯ ಉಡುಪು ಮಾರುವ ದೇಶದ ಬಹುಪಾಲು ರಫ್ತು ಉಳಿದ ಮೂರರಲ್ಲೇ ಅಡಗಿ ಕೂರಬಹುದು.

ಈಚಿನ ವರ್ಷಗಳಲ್ಲಿ ಗಾಳಿ ಹಸಿರು ಕಡೆಗೆ ತಿರುಗಿದೆ. 2023ರ ಅಕ್ಟೋಬರ್‌ನಿಂದ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ ಮೊದಲಾದವುಗಳ ತಯಾರಿಯಲ್ಲಿ ಎಷ್ಟು ಇಂಗಾಲ ಹೊರಬಿತ್ತು ಎಂಬ ಲೆಕ್ಕವನ್ನು ಯುರೋಪ್ ಕೇಳುತ್ತಿದೆ. 2026ರಿಂದ ಅದಕ್ಕೆ ದುಡ್ಡೂ ಕಟ್ಟಬೇಕು. ಇದರಲ್ಲಿ ಅತಿ ಹಿಂದುಳಿದ ದೇಶಗಳಿಗೆ ವಿನಾಯಿತಿ ಇಲ್ಲ. ಅಲ್ಯೂಮಿನಿಯಂ ರಫ್ತನ್ನು ನೆಚ್ಚಿಕೊಂಡು ಬಂದ ಮೊಜಾಂಬಿಕ್ ಕೂಡ ಒಳಗೇ. ಕಾಡು ಕಡಿದು ಬೆಳೆದ ಸರಕು ಬೇಡ ಎನ್ನುವ ಇನ್ನೊಂದು ಕಾನೂನು 2023ರಲ್ಲಿ ಬಂತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ, ಇವುಗಳ ಹಿಂದಿರುವ ನೆಲದಲ್ಲಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿಲ್ಲ ಎಂದು ತೋರಿಸಬೇಕು. ತೋರಿಸುವುದು ಹೇಗೆಂದರೆ ಜಮೀನಿನ ಅಕ್ಷಾಂಶ ರೇಖಾಂಶ ಕೊಟ್ಟು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ.

ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಇಥಿಯೋಪಿಯಾದ ಕಾಫಿಯ ದಾರಿಯನ್ನು ಮಾತ್ರ ಊಹಿಸಿಕೊಳ್ಳಿ. ಅರ್ಧ ಹೆಕ್ಟೇರ್ ಇರುವ ರೈತ ಬುಟ್ಟಿಯಲ್ಲಿ ಹಣ್ಣು ತಂದು ಸಂಗ್ರಹ ಕೇಂದ್ರದಲ್ಲಿ ಸುರಿಯುತ್ತಾನೆ. ಅಲ್ಲಿ ನೂರಾರು ಜನರ ಹಣ್ಣು ಒಂದೇ ತೊಟ್ಟಿಗೆ. ಒಂದು ಕಂಟೇನರ್ ತುಂಬುವ ಹೊತ್ತಿಗೆ ಅದರೊಳಗೆ ಎಷ್ಟೋ ಹಳ್ಳಿಗಳ ಜಮೀನು ಬೆರೆತಿರುತ್ತದೆ. ಪ್ರತಿಯೊಂದರ ಗುರುತೂ ಬೇಕು. ಬ್ರೆಜಿಲ್ಲಿನ ದೊಡ್ಡ ತೋಟಕ್ಕೆ ಇದು ಒಂದು ನಕ್ಷೆ, ಒಂದು ಫೈಲು. ಕೊಳ್ಳುವ ಕಂಪನಿ ಯಾರ ಕಡೆ ವಾಲುತ್ತದೆ ಎಂದು ಹೇಳಲು ದೊಡ್ಡ ಪಾಂಡಿತ್ಯ ಬೇಡ. ಇಥಿಯೋಪಿಯಾದ ಆ ರೈತನಿಗೆ ಸುಂಕ ಆಗಲೂ ಸೊನ್ನೆ, ಈಗಲೂ ಸೊನ್ನೆ.

ನಿಮ್ಮ ಕೊನೆಯ ಪ್ರಶ್ನೆಗೆ, ಸುಂಕವನ್ನೆಲ್ಲ ತೆಗೆದರೆ ಸಾಕೇ ಎಂಬುದಕ್ಕೆ, ನನ್ನ ಉತ್ತರ ಸಾಲದು ಎಂದೇ. ನೈಜೀರಿಯಾದ ಕೋಕೋ ಬೆಣ್ಣೆಗೆ, ಅಮೆರಿಕಕ್ಕೆ ಹೋಗುವ ಅಗ್ಗದ ಸ್ವೆಟರಿಗೆ ಅದರಿಂದ ಖಂಡಿತ ಲಾಭವಿದೆ, ಮಾಡಬೇಕು. ಆದರೆ ಎಲ್ಲರಿಗೂ ಸೊನ್ನೆಯಾದ ದಿನ, ಈಗ ತಮಗೆ ಮಾತ್ರ ಸೊನ್ನೆ ಇರುವುದರಿಂದಲೇ ಬದುಕಿರುವ ದೇಶಗಳು ಸೇಂಟ್ ಕಿಟ್ಸಿನ ದಾರಿ ಹಿಡಿಯಬಹುದು. ಒಂದು ದೇಶ ಕಾರ್ಖಾನೆ ಕಟ್ಟಲು ನಾಲ್ಕೈದು ವರ್ಷ, ಅದರ ಸಾಲ ತೀರಲು ಹತ್ತು ವರ್ಷ ಬೇಕು. ಆ ಅವಧಿಯುದ್ದಕ್ಕೂ ದರ, ಮೂಲದ ನಿಯಮ, ಮಾನದಂಡ ಮೂರೂ ಕದಲುವುದಿಲ್ಲ ಎಂಬ ಭರವಸೆ ಸಿಕ್ಕರೆ, ಅದು ಸೊನ್ನೆಗಿಂತ ಹೆಚ್ಚು ಬೆಲೆಬಾಳುತ್ತದೆ ಎಂದು ನಾನು ನಂಬಿದ್ದೇನೆ. ಏಕಪಕ್ಷೀಯವಾಗಿ ಕೊಟ್ಟ ರಿಯಾಯಿತಿಯಲ್ಲಿ ಆ ಭರವಸೆ ಇರುವುದಿಲ್ಲ. ಚೌಕಾಸಿ ಮಾಡಿ ಸಹಿ ಹಾಕಿದ ಒಪ್ಪಂದದಲ್ಲಿ ಇರುತ್ತದೆ, ಆದರೆ ಅದಕ್ಕೆ ಕೀನ್ಯಾದ ಹಾಗೆ ತನ್ನ ಬಾಗಿಲನ್ನೂ ತೆರೆಯಬೇಕಾಗುತ್ತದೆ.

ಮುಂದೆ ಗಮನಿಸಬೇಕಾದದ್ದು ಬಾಂಗ್ಲಾದೇಶವನ್ನು. ಅದು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲೇರಲು ವಿಶ್ವಸಂಸ್ಥೆಯ ಮಹಾಸಭೆ 2021ರಲ್ಲಿ ಗೊತ್ತುಮಾಡಿದ ದಿನ 2026ರ ನವೆಂಬರ್ 24. ಪಟ್ಟಿ ಬಿಟ್ಟ ಮೇಲೂ ಯುರೋಪ್ ಮೂರು ವರ್ಷ ಸೊನ್ನೆ ದರ ಮುಂದುವರಿಸುತ್ತದೆ. ಅದು ಮುಗಿದ ಮೇಲೆ ಜಿಎಸ್‌ಪಿ ಪ್ಲಸ್ ಸಿಕ್ಕರೆ ಸುಂಕ ಸೊನ್ನೆಯಾಗಿಯೇ ಉಳಿಯಬಹುದು, ಆದರೆ ಮೂಲದ ನಿಯಮ ಮತ್ತೆ ಎರಡು ಹಂತಕ್ಕೆ ಮರಳುತ್ತದೆ: ನೂಲಿನಿಂದ ಬಟ್ಟೆ, ಬಟ್ಟೆಯಿಂದ ಉಡುಪು. ಢಾಕಾದ ಸುತ್ತ ನೇಯ್ಗೆ ಗಿರಣಿಗಳಿಗೆ ಈಗ ಬಂಡವಾಳ ಹುಡುಕುತ್ತಿರುವವರು ಆ ದಿನಾಂಕವನ್ನು ಗೋಡೆಯ ಮೇಲೆ ಬರೆದುಕೊಂಡೇ ಕೂತಿರಬೇಕು.